ಪ್ವಾರ್ ಬೆಲ್ ಎಲೆನ್: ಬಿಸಿ ಚಾಕೊಲೇಟ್ ಬೇರೆ ಜಗ್ಗಿನಲ್ಲಿ ಬಂದರೆ ಮಾತ್ರ

ಪ್ಯಾರಿಸ್‌ನ ಯಾವುದಾದರೂ ಬ್ರಾಸರಿಗೆ, ಅಂದರೆ ಇಲ್ಲಿನ ಸಾದಾ ಊಟದ ಹೋಟೆಲಿಗೆ, ಹೋಗಿ ಮೆನುವಿನ ಕೊನೆಗೆ ಬನ್ನಿ. ಕ್ರೆಮ್ ಬ್ರೂಲೆ ಇರುತ್ತದೆ, ಚಾಕೊಲೇಟ್ ಮೂಸ್ ಇರುತ್ತದೆ, ಅವುಗಳ ಕೆಳಗೆ ಎಲ್ಲೋ ಒಂದು ಕಡೆ ಪ್ವಾರ್ ಬೆಲ್ ಎಲೆನ್ ಅಂತ ಬರೆದಿರುತ್ತಾರೆ. ಊರು ನೋಡಲು ಬಂದವರ ಕಣ್ಣು ಇದರ ಮೇಲೆ ಬೀಳುವುದು ಕಡಿಮೆ. ಬಿದ್ದರೂ, ಪಾಕದಲ್ಲಿ ಬೇಯಿಸಿದ ಪಿಯರ್ ಹಣ್ಣು, ವೆನಿಲಾ ಐಸ್‌ಕ್ರೀಮ್, ಬಿಸಿ ಚಾಕೊಲೇಟ್ ಸಾಸ್ ಅಂತ ವಿವರಿಸಿದ ಕೂಡಲೇ "ಅಷ್ಟೇನಾ?" ಅಂತ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ನನಗಂತೂ ಈ ಊರಿನ ಸಿಹಿಗಳಲ್ಲಿ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ. ಆದರೆ ಇದೇ ಹೆಸರಿಟ್ಟುಕೊಂಡು ಬರುವ ಕಳಪೆ ಮಾಲೂ ಬೇಕಾದಷ್ಟಿದೆ. ಮೂರೇ ಸಾಮಾನಿನ ತಿನಿಸು, ಮೂರರಲ್ಲಿ ಒಂದು ಕೆಟ್ಟರೂ ಮುಚ್ಚಿಹಾಕಲು ನಾಲ್ಕನೆಯದು ಇಲ್ಲ.

ಒಳ್ಳೆಯ ಜಾಗದಿಂದಲೇ ಶುರು ಮಾಡುತ್ತೇನೆ. ಗ್ರಾಂ ಬುಲ್ವಾರ್ ಮೆಟ್ರೋದಿಂದ ಮೇಲೆ ಬಂದು ಒಂದೆರಡು ಅಡ್ಡರಸ್ತೆ ನಡೆದರೆ ಸಿಗುವ ಪುಟ್ಟ ಹೋಟೆಲು. ಹೆಸರು ಹಾಕುವುದಿಲ್ಲ. ಇರುವುದೇ ಹದಿನೈದಿಪ್ಪತ್ತು ಕುರ್ಚಿ, ಮತ್ತೆ ನಾನು ಬರೆಯುತ್ತಿರುವುದು ಆ ತಟ್ಟೆಯ ಬಗ್ಗೆ, ಅಂಗಡಿಯ ಬಗ್ಗೆ ಅಲ್ಲ. ಈ ಸಲ ಮೈಸೂರಿನಿಂದ ಬಂದಿದ್ದ ಅತ್ತಿಗೆಯನ್ನು ಕರೆದುಕೊಂಡು ಹೋಗಿದ್ದೆ. ಮೆನು ನೋಡಿದವರೇ, "ಅಲ್ಲ ಕಣೇ, ಬೇಯಿಸಿದ ಹಣ್ಣಿಗೆ ಒಂಬತ್ತೂವರೆ ಯೂರೋನಾ? ನಮ್ಮ ಲೆಕ್ಕದಲ್ಲಿ ಸಾವಿರದ ಹತ್ತಿರ ಆಯ್ತಲ್ಲ!" ಅಂದರು. ಬರಲಿ ತಡೀರಿ ಅತ್ತಿಗೆ, ಅಂದೆ.

ಬಂತು. ಆಳವಾದ ಬಿಳಿ ಬಟ್ಟಲು, ತಳದಲ್ಲಿ ವೆನಿಲಾ ಐಸ್‌ಕ್ರೀಮ್, ಅದರ ಮೇಲೆ ಇಡೀ ಪಿಯರ್ ನೆಟ್ಟಗೆ ನಿಂತಿತ್ತು, ತೊಟ್ಟಿನ ಸಮೇತ. ಸಿಪ್ಪೆ ತೆಗೆದ ಚಾಕುವಿನ ಗೆರೆಗಳು ಮೇಲಿಂದ ಕೆಳಗೆ ಸಣ್ಣಗೆ ಕಾಣುತ್ತಿದ್ದವು, ತೊಟ್ಟಿನ ಬುಡದಲ್ಲಿ ವೆನಿಲಾದ ಕಪ್ಪು ಚುಕ್ಕಿಗಳು ಅಂಟಿಕೊಂಡಿದ್ದವು. ಸುತ್ತ ಹುರಿದ ಬಾದಾಮಿಯ ತೆಳು ಚೂರು. ಪಕ್ಕದಲ್ಲಿ ಒಂದು ಸಣ್ಣ ಸ್ಟೀಲ್ ಜಗ್, ಅದರಲ್ಲಿ ಚಾಕೊಲೇಟ್, ಹಬೆಯಾಡುತ್ತಿತ್ತು. ಬಡಿಸುವ ಹುಡುಗಿ ಜಗ್ಗಿನ ಹಿಡಿ ನಮ್ಮ ಕಡೆಗೆ ತಿರುಗಿಸಿ, ಬಿಸಿ ಇದೆ ನೋಡಿಕೊಳ್ಳಿ ಅಂತ ಹೇಳಿ ಹೋದಳು.

ಈ ಜಗ್ಗೇ ಮುಖ್ಯ. ಸಾಸ್ ಅಡುಗೆಮನೆಯಲ್ಲೇ ಸುರಿದುಕೊಂಡು ಬಂದರೆ ಮೇಜಿಗೆ ಬರುವಷ್ಟರಲ್ಲಿ ಅದು ಬಿಸಿಯೂ ಇರಲ್ಲ, ಐಸ್‌ಕ್ರೀಮ್ ಗಟ್ಟಿಯೂ ಇರಲ್ಲ, ಎರಡೂ ಸೇರಿ ಬೆಚ್ಚಗಿನ ಕಂದು ನೀರಾಗಿರುತ್ತದೆ. ನೀವೇ ಸುರಿದುಕೊಂಡರೆ ಕತೆ ಬೇರೆ. ಹಣ್ಣಿನ ಮೈ ಪಾಕದಿಂದ ಒದ್ದೆಯಾಗಿರುತ್ತದಲ್ಲ, ಚಾಕೊಲೇಟ್ ಅದರ ಮೇಲೆ ನಿಲ್ಲುವುದಿಲ್ಲ, ಜಾರಿಕೊಂಡು ಕೆಳಗೆ ಹೋಗಿ ಐಸ್‌ಕ್ರೀಮಿಗೆ ತಾಗಿದ ಕಡೆ ಅಂಚಿನಲ್ಲಿ ಹೆಪ್ಪುಗಟ್ಟಿ ತೆಳು ಪದರ ಆಗುತ್ತದೆ. ಚಮಚ ಹಾಕಿದಾಗ ಆ ಪದರ ಮುರಿಯುತ್ತದೆ, ಅದರ ಕೆಳಗೆ ತಣ್ಣಗೆ, ಅದರ ಮೇಲೆ ಬಿಸಿ, ನಡುವೆ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಹಣ್ಣು. ಬಾಯಿಗೆ ಒಂದೇ ಸಲ ಮೂರೂ ಬರಬೇಕು. ಸ್ವಲ್ಪ ಸ್ವಲ್ಪವೇ ಸುರಿದುಕೊಳ್ಳಿ, ಒಂದೇ ಸಲ ಖಾಲಿ ಮಾಡಬೇಡಿ.

ಹಣ್ಣು ಹೇಗಿತ್ತು ಅಂದರೆ, ಚಮಚದ ಅಂಚಿಗೆ ಒಂದು ಕ್ಷಣ ತಡೆದು ಆಮೇಲೆ ಬಿಟ್ಟುಕೊಟ್ಟಿತು. ಹೊರಗಿನ ಅರ್ಧ ಬೆರಳಿನಷ್ಟು ಭಾಗ ಪಾಕ ಹೀರಿ ಗಾಜಿನ ಹಾಗೆ, ಒಳಗೆ ಹೋದಂತೆ ಬೆಳ್ಳಗೆ. ಬೀಜದ ಭಾಗವನ್ನು ಬುಡದಿಂದ ಕೊರೆದು ತೆಗೆದಿದ್ದರು, ಹಾಗಾಗಿ ಕೊನೆಯ ತುತ್ತಿನವರೆಗೂ ತಿನ್ನಬಹುದು. ಮುಖ್ಯವಾಗಿ ಪಿಯರ್‌ಗೆ ಪಿಯರ್‌ನ ರುಚಿಯೇ ಇತ್ತು. ಸಕ್ಕರೆಯ ಹಿಂದೆ ಸಣ್ಣ ಹುಳಿ, ಅದಕ್ಕೂ ಹಿಂದೆ ಹೂವಿನಂಥ ಒಂದು ವಾಸನೆ. ಚಾಕೊಲೇಟ್ ಕಹಿಯ ಕಡೆಗೇ ಇತ್ತು, ಸಿಹಿ ಜಾಸ್ತಿ ಮಾಡಿರಲಿಲ್ಲ. ಹಾಗೇ ಇರಬೇಕು, ಯಾಕೆಂದರೆ ಉಳಿದ ಎರಡೂ ಸಿಹಿಯೇ.

ನಮ್ಮವರಿಗೆ ಬೇಕಾದ ಮಾತು ಒಂದಿದೆ. ಅತ್ತಿಗೆ ಮೊಟ್ಟೆ ಮುಟ್ಟುವುದಿಲ್ಲ. ಇಲ್ಲಿಯ ವೆನಿಲಾ ಐಸ್‌ಕ್ರೀಮ್ ಸಾಮಾನ್ಯವಾಗಿ ಮೊಟ್ಟೆಯ ಹಳದಿ ಹಾಕಿದ ಕಸ್ಟರ್ಡ್‌ನಿಂದಲೇ ಮಾಡಿದ್ದು, ಒಳ್ಳೆಯ ಹೋಟೆಲಿಗೆ ಹೋದಷ್ಟೂ ಮೊಟ್ಟೆ ಇರುವ ಸಾಧ್ಯತೆ ಜಾಸ್ತಿ. ಮೊದಲೇ ಕೇಳಿಬಿಡಿ. ನಾವು ಕೇಳಿದಾಗ ಆ ಹುಡುಗಿ ಅಡುಗೆಯವರನ್ನು ವಿಚಾರಿಸಿ ಬಂದು, ಐಸ್‌ಕ್ರೀಮ್ ಬದಲು ಶಾಂಟಿಯಿ ಕೊಡುತ್ತೇವೆ ಅಂದಳು. ಅದು ಸಕ್ಕರೆ ಹಾಕಿ ಕಡೆದ ಕೆನೆ, ಮೊಟ್ಟೆ ಇಲ್ಲ. ಅತ್ತಿಗೆಗೆ ತಣ್ಣನೆಯ ಭಾಗ ಸ್ವಲ್ಪ ತಪ್ಪಿತು, ಆದರೂ ಜಗ್ಗಿನ ತಳದಲ್ಲಿ ಉಳಿದ ಚಾಕೊಲೇಟನ್ನು ಚಮಚದಿಂದ ಕೆರೆದವರು ಅವರೇ, ಸಾವಿರ ರೂಪಾಯಿಯ ಮಾತು ಮತ್ತೆ ಎತ್ತಲಿಲ್ಲ. ಕೊನೆಗೆ "ಪಾಕಕ್ಕೆ ಎರಡು ಏಲಕ್ಕಿ ಜಜ್ಜಿ ಹಾಕಿದ್ದರೆ ಇನ್ನೂ ಚೆನ್ನಾಗಿರ್ತಿತ್ತು ಅಲ್ವಾ?" ಅಂದರು. ಇರುತ್ತೆ. ಚಾಕೊಲೇಟ್ ಬಿಟ್ಟು ಬರೀ ಹಣ್ಣು ತಿನ್ನುವುದಾದರೆ ಏಲಕ್ಕಿ ಬಹಳ ಚೆನ್ನಾಗಿ ಹೊಂದುತ್ತದೆ. ಚಾಕೊಲೇಟ್ ಇದ್ದರೆ ವೆನಿಲಾ ಸಾಕು.

ಪಕ್ಕದ ಸಾಲಿನಲ್ಲಿ ಪ್ವಾರ್ ಓ ವ್ಯಾಂ ಅಂತ ಇದ್ದರೆ ಅದು ಕೆಂಪು ವೈನ್‌ನಲ್ಲಿ ಬೇಯಿಸಿದ್ದು. ಬಣ್ಣ ಚಂದ, ಬೀಟ್‌ರೂಟ್ ಕೆಂಪು. ಮದ್ಯ ಬೇಡ ಅನ್ನುವವರು ಬಣ್ಣಕ್ಕೆ ಮರುಳಾಗಿ ತರಿಸಬೇಡಿ. ಪಿಯರ್ ಟಾರ್ಟ್, ಅಂದರೆ ತಾರ್ತ್ ಬೂರ್ದಾಲೂ, ಬಾದಾಮಿ ಕ್ರೀಮಿನದು, ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಆ ಹೋಟೆಲಿನ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೇಜುಗಳು ಎಷ್ಟು ಹತ್ತಿರ ಅಂದರೆ ಪಕ್ಕದವರ ಜಗಳ ಪೂರ್ತಿ ಕೇಳಿಸುತ್ತದೆ. ಬಡಿಸುವುದು ನಿಧಾನ. ಕಾಫಿ ಸುಟ್ಟ ವಾಸನೆ, ಬೇಡವೇ ಬೇಡ. ಐಸ್‌ಕ್ರೀಮ್ ಇನ್ನು ಅರ್ಧ ಉಂಡೆ ಹಾಕಿದ್ದರೆ ಏನೂ ನಷ್ಟ ಆಗುತ್ತಿರಲಿಲ್ಲ. ನೀರಿಗೆ ದುಡ್ಡು ಕೊಡಬೇಡಿ, ಉನ್ ಕರಾಫ್ ದೋ ಅಂತ ಕೇಳಿ, ನಲ್ಲಿ ನೀರು ಹೂಜಿಯಲ್ಲಿ ಪುಕ್ಕಟೆ ಕೊಡುತ್ತಾರೆ.

ಈಗ ಕೆಟ್ಟದ್ದು. ಪ್ರವಾಸಿಗಳು ಗಿಜಿಗುಡುವ ಒಂದು ಚೌಕದ ದೊಡ್ಡ ಬ್ರಾಸರಿ, ಫೋಟೋ ಹಾಕಿದ ಪ್ಲಾಸ್ಟಿಕ್ ಮೆನು, ಅದೇ ಹೆಸರು, ಹನ್ನೆರಡು ಯೂರೋ. ಉದ್ದ ಕಾಲಿನ ಗ್ಲಾಸಿನಲ್ಲಿ ಎರಡು ಅರ್ಧ ಹೋಳು ಪಿಯರ್, ಡಬ್ಬಿಯಿಂದ ತೆಗೆದದ್ದು. ಅದರ ಮೇಲೆ ಬಾಟಲಿಯಿಂದ ಹಿಂಡಿದ ತಣ್ಣನೆಯ ಚಾಕೊಲೇಟ್, ಅದರ ಮೇಲೆ ಸ್ಪ್ರೇ ಕ್ಯಾನಿನ ಕೆನೆ, ಅದರ ಮೇಲೆ ಕಾಗದದ ಕೊಡೆ. ಕೆನೆ ಎರಡು ನಿಮಿಷದಲ್ಲಿ ಕುಸಿದು ಹೋಯಿತು. ಪಿಯರ್‌ಗೆ ಸಕ್ಕರೆ ಬಿಟ್ಟು ಬೇರೆ ರುಚಿ ಇರಲಿಲ್ಲ.

ಡಬ್ಬಿ ಹಣ್ಣನ್ನು ಗುರುತಿಸುವುದು ಸುಲಭ. ತೊಟ್ಟು ಇರಲ್ಲ. ಯಾವಾಗಲೂ ಅರ್ಧ ಹೋಳು. ನಡುವೆ ಬೀಜ ತೆಗೆದ ಗುಳಿ ಯಂತ್ರದಲ್ಲಿ ಕೊರೆದ ಹಾಗೆ ಗುಂಡಗೆ, ಎರಡೂ ಹೋಳಿನಲ್ಲೂ ಒಂದೇ ಅಳತೆ. ಬಣ್ಣ ಒಳಗೂ ಹೊರಗೂ ಒಂದೇ ಬಿಳಿ. ಡಬ್ಬಿ ಹಣ್ಣೇ ಪಾಪ ಅಂತ ನಾನು ಹೇಳುತ್ತಿಲ್ಲ, ಇಲ್ಲಿನ ಮನೆಗಳಲ್ಲಿ ದಿಢೀರ್ ನೆಂಟರು ಬಂದರೆ ಕಪಾಟಿನಿಂದ ಡಬ್ಬಿ ತೆಗೆದು ಚಾಕೊಲೇಟ್ ಕರಗಿಸಿ ಸುರಿಯುತ್ತಾರೆ, ನಾನೂ ಅದನ್ನೇ ಮಾಡುತ್ತೇನೆ. ಅದಕ್ಕೆ ಹನ್ನೆರಡು ಯೂರೋ ಬಿಲ್ ಹಾಕುವುದು ಮಾತ್ರ ಹಗಲು ದರೋಡೆ.

ಮೆನುವಿನಲ್ಲಿ ಒಂದು ಗುರುತು ನೋಡಿ. ಬಾಣಲೆಯ ಮೇಲೆ ಮುಚ್ಚಳದ ಬದಲು ಮನೆಯ ಛಾವಣಿ ಇರುವ ಚಿತ್ರ, ಅಥವಾ ಫೆ ಮೇಸೋಂ ಅನ್ನುವ ಮಾತು. ಹಸಿ ಸಾಮಾನು ತಂದು ಅಲ್ಲೇ ಅಡುಗೆ ಮಾಡಿದ್ದಕ್ಕೆ ಮಾತ್ರ ಇದನ್ನು ಹಾಕಬಹುದು ಅಂತ 2014ರಿಂದ ಸರ್ಕಾರದ ನಿಯಮ ಇದೆ. ಸಾಮಾನ್ಯವಾಗಿ ಒಂದೊಂದು ತಿನಿಸಿಗೂ ಬೇರೆ ಬೇರೆಯಾಗಿ ಹಾಕುತ್ತಾರೆ, ಆದ್ದರಿಂದ ಬಾಗಿಲ ಮೇಲಿನದ್ದನ್ನು ನೋಡಿ ನಂಬದೆ ನಿಮ್ಮ ಸಾಲಿನ ಪಕ್ಕದಲ್ಲಿ ಇದೆಯಾ ನೋಡಿ.

ಗ್ರಾಂ ಬುಲ್ವಾರ್ ಹತ್ತಿರ ಇದನ್ನು ತಿನ್ನುವುದರಲ್ಲಿ ಇನ್ನೊಂದು ಖುಷಿ ಇದೆ. ಬುಲ್ವಾರ್ ಮೋಂಮಾರ್ತ್ರ್ ರಸ್ತೆಯಲ್ಲೇ ತೇಯಾತ್ರ್ ದೇ ವಾರಿಯೇತೆ ಅನ್ನುವ ನಾಟಕಶಾಲೆ ಇದೆ, 1807ರ ಕಟ್ಟಡ, ಈಗಲೂ ನಾಟಕ ನಡೆಯುತ್ತದೆ. ಅಲ್ಲಿ 1864ರ ಡಿಸೆಂಬರ್ 17ರಂದು ಸಂಗೀತಗಾರ ಜಾಕ್ ಆಫೆನ್‌ಬಾಕ್‌ನ ಲಾ ಬೆಲ್ ಎಲೆನ್ ಅನ್ನುವ ಹಾಡುನಾಟಕ ಮೊದಲ ಸಲ ಆಡಿದರು. ಟ್ರಾಯ್ ಯುದ್ಧಕ್ಕೆ ಕಾರಣಳಾದ ಹೆಲೆನ್‌ಳ ಕತೆಯನ್ನು ಇಟ್ಟುಕೊಂಡು ಆಗಿನ ಪ್ಯಾರಿಸ್‌ನ ದೊಡ್ಡವರನ್ನೆಲ್ಲ ಗೇಲಿ ಮಾಡುವ ನಾಟಕ. ಹೆಲೆನ್ ಪಾತ್ರ ಮಾಡಿದ್ದು ಓರ್ತಾಂಸ್ ಶ್ನೈಡರ್. ಊರಿಗೆ ಊರೇ ಹುಚ್ಚೆದ್ದು ನೋಡಿತು. ಹೆಸರು ಎಷ್ಟು ಓಡಿತು ಅಂದರೆ ಅಡುಗೆಯವರು ಆ ಹೆಸರನ್ನು ತಮ್ಮ ತಟ್ಟೆಗೂ ಇಟ್ಟುಕೊಂಡರು, ಅದರಲ್ಲಿ ಉಳಿದುಕೊಂಡದ್ದು ಪಿಯರ್.

ಇದನ್ನು ಮಾಡಿದ್ದು ಹೆಸರಾಂತ ಫ್ರೆಂಚ್ ಬಾಣಸಿಗ ಎಸ್ಕೋಫಿಯೆ, ಅದೂ 1864ರಲ್ಲೇ, ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ಅವನು ಹುಟ್ಟಿದ್ದು 1846ರಲ್ಲಿ. ಆ ವರ್ಷ ಇನ್ನೂ ಹದಿನೆಂಟರ ಹುಡುಗ, ನೀಸ್‌ನಲ್ಲಿ ಇದ್ದ, ಪ್ಯಾರಿಸ್‌ಗೆ ಬಂದಿದ್ದೇ 1865ರಲ್ಲಿ. ಪೀಚ್ ಹಣ್ಣು, ಐಸ್‌ಕ್ರೀಮ್ ಸೇರಿಸಿ ಮಾಡುವ ಪೀಚ್ ಮೆಲ್ಬಾ ಅವನದೇ, ಅದರಲ್ಲಿ ತಕರಾರಿಲ್ಲ. ಅದರ ಜೊತೆಗೆ ಇದನ್ನೂ ಅವನ ಖಾತೆಗೆ ಹಾಕಿಬಿಟ್ಟರು ಅಂತ ನನಗನ್ನಿಸುತ್ತದೆ. ಆದರೆ 1903ರಲ್ಲಿ ಬಂದ ಅವನ ದೊಡ್ಡ ಅಡುಗೆ ಪುಸ್ತಕ ಲ ಗೀದ್ ಕ್ಯುಲಿನೇರ್‌ನಲ್ಲಿ ಇದರ ವಿಧಾನ ಇದೆ, ಕೆಲವೇ ಸಾಲು: ವೆನಿಲಾ ಪಾಕದಲ್ಲಿ ಬೇಯಿಸಿದ ಪಿಯರ್, ಆರಿದ ಮೇಲೆ ವೆನಿಲಾ ಐಸ್‌ಕ್ರೀಮಿನ ಮೇಲೆ, ಐಸ್‌ಕ್ರೀಮಿಗೆ ಸಕ್ಕರೆ ಕಟ್ಟಿದ ನೇರಳೆ ಬಣ್ಣದ ವಯೊಲೆಟ್ ಹೂವು ಉದುರಿಸಿ, ಬಿಸಿ ಚಾಕೊಲೇಟ್ ಸಾಸ್ ಬೇರೆಯಾಗಿ. ನೋಡಿ, ಸಾಸ್ ಬೇರೆಯಾಗಿ ಕೊಡಿ ಅಂತ ಆಗಲೇ ಬರೆದಿದ್ದಾನೆ. ಕೆನೆಯ ಮಾತೇ ಇಲ್ಲ. ಬಾದಾಮಿಯೂ ಇಲ್ಲ, ಆದರೆ ಬಾದಾಮಿಯ ಬಗ್ಗೆ ನಾನು ತಕರಾರು ಮಾಡುವುದಿಲ್ಲ, ಎಲ್ಲ ಮೆತ್ತಗಿರುವ ಕಡೆ ಹಲ್ಲಿಗೆ ಏನಾದರೂ ಸಿಗಬೇಕು. ಹೂವು ಹಾಕುವವರು ಈಗ ಕಡಿಮೆ. ಟುಲೂಸ್ ಕಡೆ ಹೋದರೆ ಅಂಥ ಹೂವಿನ ಡಬ್ಬಿ ಅಂಗಡಿಗಳಲ್ಲಿ ಸಿಗುತ್ತದೆ, ಆ ಊರಿನ ಹೆಸರಾಂತ ಸಾಮಾನು.

ಇನ್ನು ಹಣ್ಣಿನ ವಿಷಯ. ನನ್ನ ಮಟ್ಟಿಗೆ ಇದೇ ದೊಡ್ಡದು, ಯಾಕೆಂದರೆ ಪಿಯರ್‌ನಷ್ಟು ಸತಾಯಿಸುವ ಹಣ್ಣು ಇನ್ನೊಂದಿಲ್ಲ. ಮಾವು ಮರದಲ್ಲೇ ಹಣ್ಣಾದರೂ ನಡೆಯುತ್ತದೆ. ಇದನ್ನು ಮರದಲ್ಲೇ ಬಿಟ್ಟರೆ ಬಹಳಷ್ಟು ತಳಿಗಳು ಒಳಗಿನಿಂದ ಮೆತ್ತಗಾಗುತ್ತ ಬಂದು, ಮೇಲಿನಿಂದ ಚೆನ್ನಾಗಿ ಕಾಣುವ ಹೊತ್ತಿಗೆ ನಡುವೆ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಅದಕ್ಕೇ ಬಲಿತ ಮೇಲೆ ಗಟ್ಟಿ ಇರುವಾಗಲೇ ಕೀಳುತ್ತಾರೆ, ತಂಪಿನಲ್ಲಿ ಇಡುತ್ತಾರೆ, ಆಮೇಲೆ ಮನೆಯ ಮೇಜಿನ ಮೇಲೆ ಹಣ್ಣಾಗುತ್ತದೆ. ಹೊಟ್ಟೆಯ ಕಡೆ ಒತ್ತಿ ನೋಡಬೇಡಿ. ಅಲ್ಲಿ ಮೆತ್ತಗಾಗಿದ್ದರೆ ಹೊತ್ತು ಮೀರಿದೆ ಅಂತಲೇ ಅರ್ಥ. ತೊಟ್ಟಿನ ಪಕ್ಕದ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸ್ವಲ್ಪ ಬಗ್ಗಿದರೆ ಅವತ್ತೇ ತಿನ್ನಿ.

ಆದರೆ ಇಲ್ಲಿನ ಎಷ್ಟೋ ಹಣ್ಣಿನಂಗಡಿಗಳಲ್ಲಿ ಒತ್ತಿ ನೋಡಲು ಬಿಡುವುದಿಲ್ಲ, ಮುಟ್ಟಬೇಡಿ ಅಂತ ಚೀಟಿಯೇ ಚುಚ್ಚಿರುತ್ತಾರೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಒಂದೊಂದನ್ನೂ ಎತ್ತಿ, ತಿರುಗಿಸಿ, ಮೂಸಿ ಕೊಂಡು ಬೆಳೆದ ನಮಗೆ ಇದು ಭಾರಿ ಕಷ್ಟ. ಬದಲಿಗೆ ಅಂಗಡಿಯವರು ಕೇಳುತ್ತಾರೆ: "ಇವತ್ತು ತಿನ್ನೋದಾ, ನಾಳೆಗಾ?" ನಾನು ಹೋಗುವ ಮಾರ್ಶೆ ದಾಲಿಗ್ರ್‌ನಲ್ಲಿ, ಅದು ಹನ್ನೆರಡನೇ ಅರೋಂದಿಸ್ಮಾಂ ಅಂದರೆ ಹನ್ನೆರಡನೇ ವಾರ್ಡಿನಲ್ಲಿ ಸೋಮವಾರ ಬಿಟ್ಟು ದಿನಾ ನಡೆಯುವ ಸಂತೆ, ಒಬ್ಬಾಕೆ ಹಣ್ಣಿನವಳು ಇದ್ದಾಳೆ. ಎರಡು ಇವತ್ತು ರಾತ್ರಿಗೆ, ಎರಡು ಗುರುವಾರಕ್ಕೆ, ನಾಲ್ಕು ಬೇಯಿಸಲಿಕ್ಕೆ ಅಂದರೆ ಸಾಕು, ಮೂರು ಬೇರೆ ಬೇರೆ ಬುಟ್ಟಿಯಿಂದ ಆರಿಸಿ ಮೂರು ಕಾಗದದ ಚೀಲದಲ್ಲಿ ಹಾಕಿ, ಇವತ್ತಿನ ಚೀಲದ ಬಾಯಿ ಮಾತ್ರ ತಿರುಚಿ ಕೊಡುತ್ತಾಳೆ. ಗುರುವಾರದ್ದು ಗುರುವಾರಕ್ಕೇ ಸರಿಯಾಗಿ ಹಣ್ಣಾಗಿರುತ್ತದೆ. ಅವಳಿಗೆ ಐದಕ್ಕೆ ಐದು ಅಂಕ. ಕೆಲವು ಅಂಗಡಿಗಳಿಗಿಂತ ಕಿಲೋಗೆ ಸ್ವಲ್ಪ ಜಾಸ್ತಿ ತಗೊಳ್ಳುತ್ತಾಳೆ, ತಗೊಳ್ಳಲಿ.

ತಳಿಗಳಲ್ಲಿ ನನಗೆ ಬೇಕಾದವು ಮೂರೇ. ವಿಲಿಯಮ್ಸ್ ಬೇಸಿಗೆಯ ಕೊನೆಗೆ ಬರುತ್ತದೆ, ಹಸಿರು ಹೋಗಿ ಹಳದಿ ಆಗುತ್ತದೆ, ಪರಿಮಳದಲ್ಲಿ ಇದನ್ನು ಮೀರಿಸಿದ್ದಿಲ್ಲ, ಆದರೆ ಹಣ್ಣಾದ ಮೇಲೆ ಪಾಕಕ್ಕೆ ಹಾಕಿದರೆ ಕರಗಿ ಗೊಜ್ಜಾಗುತ್ತದೆ. ಕಾನ್ಫರೆನ್ಸ್ ಉದ್ದಕ್ಕೆ ಇರುತ್ತದೆ, ಸಿಪ್ಪೆ ಕಂದು ಮಚ್ಚೆಯದು, ನೋಡಲು ಏನೂ ಇಲ್ಲ. 1885ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪಿಯರ್ ಬೆಳೆಗಾರರ ಸಮ್ಮೇಳನದಲ್ಲಿ ಗೆದ್ದು ಆ ಹೆಸರು ಪಡೆದದ್ದು. ಬೇಯಿಸಲು ಇದೇ ಸರಿ, ಆಕಾರ ಬಿಡುವುದಿಲ್ಲ. ಮೂರನೆಯದು ಕೊಮಿಸ್, ಪೂರ್ತಿ ಹೆಸರು ದುವಾಯೆನೆ ದ್ಯು ಕೊಮಿಸ್, ಆಂಜೆ ಊರಿನ ತೋಟಗಾರಿಕೆ ಸಂಘದವರ ತೋಟದಲ್ಲಿ 1849ರಲ್ಲಿ ಮೊದಲ ಫಲ ಕೊಟ್ಟದ್ದು. ಇದನ್ನು ಬೇಯಿಸುವುದು ಅನ್ಯಾಯ. ಚಾಕುವಿನಿಂದ ಹೋಳು ಮಾಡಿ, ತಟ್ಟೆಯ ಮೇಲೆ ಬಗ್ಗಿ ತಿನ್ನಿ, ಮುಂಗೈವರೆಗೆ ರಸ ಇಳಿಯುತ್ತದೆ. ಪಕ್ಕದಲ್ಲಿ ಒಂದು ಚೂರು ರೋಕ್‌ಫೋರ್ ಚೀಸ್ ಇಟ್ಟುಕೊಂಡರೆ ಉಪ್ಪು ಸಿಹಿ ಎರಡೂ ಆಯಿತು. ಆ ಚೀಸ್‌ನ ವಾಸನೆ ಎಲ್ಲರಿಗೂ ಆಗಿಬರುವುದಿಲ್ಲ, ಅತ್ತಿಗೆ ಕಿಟಕಿ ತೆಗೆದರು.

ಪಿಯರ್ ಮೇಲೆ ಈ ದೇಶದವರಿಗೆ ಇರುವ ಮೋಹ ಇವತ್ತಿನದಲ್ಲ. ವರ್ಸೈಗೆ ಹೋದರೆ ಎಲ್ಲರೂ ಅರಮನೆ ನೋಡಿ ಸುಸ್ತಾಗಿ ವಾಪಸ್ ಬರುತ್ತಾರೆ, ಹತ್ತಿರದಲ್ಲೇ ಪೊತಾಜೆ ದ್ಯು ರುವಾ ಇದೆ, ರಾಜನ ತರಕಾರಿ ತೋಟ. ಹದಿನಾಲ್ಕನೇ ಲೂಯಿಗಾಗಿ ಲಾ ಕ್ಯಾಂತಿನೀ ಅನ್ನುವವನು 1678ರಿಂದ 1683ರವರೆಗೆ ಜೌಗು ನೆಲಕ್ಕೆ ಮಣ್ಣು ಹೊಡೆಸಿ ಮಾಡಿದ್ದು. ಪಿಯರ್ ಮರಗಳನ್ನು ಗೋಡೆಗೆ ಚಪ್ಪಟೆಯಾಗಿ ಹಬ್ಬಿಸಿದ್ದಾರೆ. ಹಗಲೆಲ್ಲ ಬಿಸಿಲು ಹೀರಿದ ಗೋಡೆ ರಾತ್ರಿ ಮರಕ್ಕೆ ಕಾವು ಕೊಡಲಿ ಅಂತ. ಟಿಕೆಟ್ ಕೊಂಡು ಒಳಗೆ ಅಡ್ಡಾಡಬಹುದು. ಅರಮನೆಯ ಕನ್ನಡಿ ಹಜಾರಕ್ಕಿಂತ ನನಗೆ ಈ ತೋಟವೇ ಮೇಲು.

ಇಷ್ಟೆಲ್ಲ ಸತಾಯಿಸುವ ಹಣ್ಣಿಗೆ ಪಾಕದಲ್ಲಿ ಬೇಯಿಸುವುದು ಒಳ್ಳೆಯ ಉಪಾಯ. ಹಣ್ಣಾಗುವವರೆಗೆ ಕಾಯಬೇಕಿಲ್ಲ, ಗಟ್ಟಿ ಇದ್ದರೇ ಒಳ್ಳೆಯದು. ಮನೆಯಲ್ಲಿ ನಾನು ಮಾಡುವುದು ಹೀಗೆ. ಒಂದು ಲೀಟರ್ ನೀರು, 300 ಗ್ರಾಂ ಸಕ್ಕರೆ, ಸೀಳಿದ ಒಂದು ವೆನಿಲಾ ಕೋಡು, ಅರ್ಧ ನಿಂಬೆಹಣ್ಣಿನ ರಸ. ಜಾಮೂನಿನ ಪಾಕಕ್ಕಿಂತ ಎಷ್ಟೋ ತೆಳು ಇರಬೇಕು, ಎಳೆ ಗಿಳೆ ನೋಡುವ ಗೋಜಿಲ್ಲ. ಸಿಪ್ಪೆ ತೆಗೆದ ಕೂಡಲೇ ನಿಂಬೆ ಸವರಿ, ಇಲ್ಲದಿದ್ದರೆ ಕಂದಾಗುತ್ತದೆ. ಹಣ್ಣು ತೇಲುತ್ತದೆ, ತೇಲಿದ ಭಾಗ ಬೇಯುವುದಿಲ್ಲ, ಅದಕ್ಕೇ ಪಾತ್ರೆಯ ಅಗಲಕ್ಕೆ ಬೇಕಿಂಗ್ ಪೇಪರ್ ಗುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಮೇಲೆ ಮುಚ್ಚಿ. ಕುದಿ ಬರುವ ಮೊದಲಿನ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಚಾಕುವಿನ ತುದಿ ಸಲೀಸಾಗಿ ಇಳಿದರೆ ಒಲೆ ಆರಿಸಿ, ಆ ಪಾಕದಲ್ಲೇ ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಬಿಡಿ. ಈ ರಾತ್ರಿಯನ್ನು ತಪ್ಪಿಸಬೇಡಿ. ಅವತ್ತೇ ತಿಂದರೆ ಬೆಂದ ಹಣ್ಣು ಅಷ್ಟೇ, ಮಾರನೇ ದಿನ ಪಾಕ ಒಳಗೆ ಇಳಿದಿರುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ. ಸಾಸ್‌ಗೆ 150 ಗ್ರಾಂ ಕಪ್ಪು ಚಾಕೊಲೇಟ್, ಅರ್ಧ ಲೋಟ ಹಾಲು, ಗೋಲಿ ಗಾತ್ರದ ಬೆಣ್ಣೆ. ಉಳಿದ ಪಾಕವನ್ನು ಚೆಲ್ಲಬೇಡಿ, ಇನ್ನೊಂದು ಸಲಕ್ಕೆ ಆಗುತ್ತದೆ.

ಬೆಂಗಳೂರಿನವರು ಕೇಳಬಹುದು, ಕಾನ್ಫರೆನ್ಸ್ ಎಲ್ಲಿಂದ ತರೋದು ಅಂತ. ಬೇಕಿಲ್ಲ. ನೀಲಗಿರಿ ಕಡೆಯಿಂದ ಗಾಡಿಯಲ್ಲಿ ಬರುವ ಗಟ್ಟಿ ಬೇರಿಕಾಯಿ, ಕೆಲವರು ಮರಸೇಬು ಅನ್ನುತ್ತಾರೆ, ಹಸಿ ತಿಂದರೆ ಮರಳು ಮರಳಾಗಿ ಸಿಗುತ್ತದಲ್ಲ, ಅದನ್ನೇ ಹಾಕಿ. ಬೇಯುವುದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಮರಳು ಪೂರ್ತಿ ಹೋಗುವುದಿಲ್ಲ, ಆದರೆ ಕುಸಿಯುವುದೂ ಇಲ್ಲ. ಬಾಬುಗೋಶಾ ಅನ್ನುವ ಪಿಯರ್ ಬೇಡ, ಅದು ಮೆತ್ತಗೆ, ಹಾಗೇ ತಿನ್ನಲು ಚೆನ್ನ. ವೆನಿಲಾ ಕೋಡು ಮಲೆನಾಡಿನ ಪರಿಚಯದವರಿದ್ದರೆ ಕೇಳಿ ನೋಡಿ. ಇಪ್ಪತ್ತು ವರ್ಷದ ಹಿಂದೆ ಬೆಲೆ ಆಕಾಶಕ್ಕೆ ಹೋದಾಗ ಎಷ್ಟೋ ತೋಟಗಳಿಗೆ ಬಳ್ಳಿ ಹಬ್ಬಿಸಿದ್ದರು, ಬೆಲೆ ಬಿದ್ದ ಮೇಲೂ ಬಿಡದೆ ಇಟ್ಟುಕೊಂಡವರಿದ್ದಾರೆ. ಐಸ್‌ಕ್ರೀಮ್ ವಿಷಯದಲ್ಲಿ ನಮ್ಮೂರೇ ವಾಸಿ, ಮೊಟ್ಟೆ ಇಲ್ಲದ್ದು ಎಲ್ಲ ಕಡೆ ಸಿಗುತ್ತದೆ.

ಪ್ಯಾರಿಸ್‌ಗೆ ಬರುವವರು ಸೆಪ್ಟೆಂಬರ್‌ನಿಂದ ಫೆಬ್ರವರಿ ಒಳಗೆ ಬಂದರೆ ಇದನ್ನು ತರಿಸಿ. ನಾನು ಹೇಳಿದ ಹೋಟೆಲಿನವರು ಚಳಿ ಮುಗಿದ ಮೇಲೆ ಮೆನುವಿನಿಂದಲೇ ಅಳಿಸಿಬಿಡುತ್ತಾರೆ. ಮೇ, ಜೂನ್‌ನಲ್ಲೂ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದರೆ, ಹಣ್ಣು ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಿ. ತಡವರಿಸಿದರೆ ಸ್ಟ್ರಾಬೆರಿ ತರಿಸಿಕೊಳ್ಳಿ, ಆಗ ಅದರ ಕಾಲ.